ಬೀಗ ಬಿದ್ದ ಮನೆಗಳೂ ಬಳಲಿದ ಕುಟುಂಬಗಳೂ

ವಾರ್ಷಿಕ ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬೇಸಿಗೆಯ ರಜೆ ಬಂತೆಂದರೆ ನಮ್ಮ ಕುಟುಂಬಗಳಲ್ಲಿ ಪ್ರತಿವರ್ಷವೂ ಏಳುವ ಪ್ರಶ್ನೆ ಒಂದೇ: ಈ ಬಾರಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗೋಣ? ಹೆಚ್ಚಿನ ತಂದೆತಾಯಂದಿರ ಆಸೆ ದೊಡ್ಡದೇನಲ್ಲ. ಹಳ್ಳಿಯ ಕಡೆ ಒಂದು ಹಂಚಿನ ಮನೆ, ಮಕ್ಕಳು ಓಡಾಡಲು ಅಂಗಳ, ಕುಳಿತುಕೊಳ್ಳಲು ಜಗಲಿ, ಮೂರು ನಾಲ್ಕು ದಿನಗಳ ನಿಶ್ಶಬ್ದ, ಮತ್ತು ತಿಂಗಳ ಸಂಬಳ ತಾಳಿಕೊಳ್ಳುವಷ್ಟು ಖರ್ಚು. ಇಷ್ಟು ಸರಳವಾದ ಆಸೆಯೇ ಇಂದು ಈಡೇರುವುದು ಕಷ್ಟವಾಗಿರುವುದನ್ನು ನಾವು ಕಾಣುತ್ತಿದ್ದೇವೆ.

ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿರಲಿಲ್ಲ. ರಜೆ ಎಂದರೆ ಅಜ್ಜಿಯ ಮನೆ. ಈಗ ಎಷ್ಟೋ ಕುಟುಂಬಗಳಲ್ಲಿ ಅಜ್ಜಿಯ ಮನೆ ಪಾಲಾಗಿದೆ, ಮಾರಾಟವಾಗಿದೆ, ಇಲ್ಲವೇ ಅಜ್ಜಿಯೇ ನಗರಕ್ಕೆ ಬಂದು ಮೂರನೇ ಮಹಡಿಯ ಕಿಟಕಿಯ ಬಳಿ ಕುಳಿತಿದ್ದಾಳೆ. ತೆರವಾದ ಆ ಜಾಗಕ್ಕೆ ಮಾರುಕಟ್ಟೆ ಬಂದಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳ ನಡುವೆ ಹೋಂಸ್ಟೇಗಳೂ ರೆಸಾರ್ಟುಗಳೂ ಎದ್ದು ನಿಂತಿವೆ. ಅವುಗಳಲ್ಲಿ ಪ್ರಾಮಾಣಿಕವಾಗಿ ಅತಿಥಿಸತ್ಕಾರ ನಡೆಸುವವರು ಅನೇಕರಿದ್ದಾರೆ. ಆದರೆ ಬಾಡಿಗೆಯನ್ನು ಸಾಮಾನ್ಯವಾಗಿ ತಲೆಗೆ ಇಷ್ಟೆಂದು ಎಣಿಸುವುದರಿಂದ ಮಕ್ಕಳಿರುವವರಿಗೆ ಹೊರೆ ಹೆಚ್ಚು. ತಲೆಯೊಂದಕ್ಕೆ ದಿನಕ್ಕೆ 2,000 ರೂಪಾಯಿ ಎಂದಿಟ್ಟುಕೊಂಡರೆ, ನಾಲ್ವರ ಕುಟುಂಬಕ್ಕೆ ಮೂರು ದಿನಗಳಿಗೆ 24,000 ರೂಪಾಯಿ ಆಯಿತು. ಪ್ರಯಾಣದ ವೆಚ್ಚ ಬೇರೆ. ಖಾಸಗಿ ಶಾಲೆಯ ಶಿಕ್ಷಕಿಗೆ, ವಾಹನ ಚಾಲಕನಿಗೆ, ಆಸ್ಪತ್ರೆಯ ದಾದಿಗೆ ಇದು ಎಟುಕುವ ಮಾತೇ?

ಹಣ ತೆತ್ತರೂ ಶಾಂತಿ ದೊರೆಯುವುದೆಂಬ ಭರವಸೆಯಿಲ್ಲ. ನಮಗೆ ತಿಳಿದ ಒಂದು ಕುಟುಂಬ ಎರಡು ಎಳೆಯ ಮಕ್ಕಳೊಡನೆ ಇಂಥ ಒಂದು ಕಡೆಗೆ ಹೋಗಿತ್ತು. ಪಕ್ಕದ ಕೋಣೆಗಳಲ್ಲಿದ್ದ ತರುಣರ ಗುಂಪಿನ ಧ್ವನಿವರ್ಧಕ ನಡುರಾತ್ರಿಯವರೆಗೆ ಮೊರೆಯಿತು. ಕೂಸು ನಿದ್ರಿಸಲಿಲ್ಲ, ತಾಯಿಯೂ ನಿದ್ರಿಸಲಿಲ್ಲ. ವಿಶ್ರಾಂತಿಗೆಂದು ಹೋದವರು ಹೋದುದಕ್ಕಿಂತ ಹೆಚ್ಚು ಬಳಲಿ, ಸಾಲದ ಚೀಟಿಯೊಡನೆ ಹಿಂದಿರುಗಿದರು.

ಹಾಗಾದರೆ ಬಡ ಮತ್ತು ಮಧ್ಯಮವರ್ಗದ ಕುಟುಂಬಗಳು ವಿಹಾರದ ಮಾತನ್ನೇ ಕೈಬಿಡಬೇಕೆ? ವಿಶ್ರಾಂತಿ ಎಂಬುದು ಉಳ್ಳವರ ಭೋಗವೇ? ಧರ್ಮಸಭೆಯ ಬೋಧನೆ ಹಾಗೆ ಹೇಳುವುದಿಲ್ಲ. ಸೃಷ್ಟಿಕರ್ತನೇ ಏಳನೆಯ ದಿನ ವಿರಮಿಸಿದನೆಂದು ಪವಿತ್ರ ಗ್ರಂಥ ಸಾರುತ್ತದೆ. ಕೆಲಸದಿಂದ ಹಿಂದಿರುಗಿದ ಪ್ರೇಷಿತರಿಗೆ ಊಟಮಾಡಲೂ ಬಿಡುವಿಲ್ಲದಷ್ಟು ಜನಸಂದಣಿಯಿದ್ದಾಗ, ಪ್ರಭು ಯೇಸು ಅವರನ್ನು ಏಕಾಂತ ಸ್ಥಳಕ್ಕೆ ಕರೆದೊಯ್ದುದನ್ನು ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಓದುತ್ತೇವೆ. ದುಡಿಯುವವರಿಗೆ ಕುಟುಂಬ ಜೀವನಕ್ಕೂ ಧಾರ್ಮಿಕ ಜೀವನಕ್ಕೂ ಸಾಕಷ್ಟು ಬಿಡುವು ಇರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಹೇಳಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1247ನೆಯ ವಿಧಿಯು ಭಾನುವಾರದ ಬಲಿಪೂಜೆಯ ಕರ್ತವ್ಯದ ಜೊತೆಯಲ್ಲೇ ದೇಹ ಮನಸ್ಸುಗಳ ವಿಶ್ರಾಂತಿಯನ್ನೂ ಇರಿಸಿದೆ. ಅಂದಮೇಲೆ ದಣಿದ ಕುಟುಂಬವೊಂದು ನಾಲ್ಕು ದಿನ ಒಟ್ಟಿಗೆ ಕುಳಿತು ಉಸಿರಾಡುವುದು ದುಂದುವೆಚ್ಚವಲ್ಲ. ಅದು ಕುಟುಂಬದ ಆರೋಗ್ಯಕ್ಕೆ ಬೇಕಾದ ಅನ್ನ.

ಆ ಅನ್ನ ತಾಯಿಗೂ ಸಲ್ಲಬೇಕು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇವೆ. ಅಡುಗೆಮನೆಯೊಂದನ್ನು ಬಿಟ್ಟು ಇನ್ನೊಂದು ಅಡುಗೆಮನೆಗೆ ಹೋಗುವುದು ತಾಯಿಗೆ ರಜೆಯಾಗದು. ಖರ್ಚು ಉಳಿಸಲು ಸ್ವತಃ ಅಡುಗೆ ಮಾಡಿಕೊಳ್ಳುವ ಮನೆಯನ್ನು ಹಿಡಿದರೆ, ಗಂಜಿಗೆ ಅಕ್ಕಿ ಹಾಕುವ ಸರದಿ ತಂದೆಯದೂ ಇರಲಿ, ತಟ್ಟೆ ತೊಳೆಯುವ ಸರದಿ ಬೆಳೆದ ಮಕ್ಕಳದೂ ಇರಲಿ.

ಇನ್ನು ಮನೆಯನ್ನು ಆರಿಸುವ ಬಗೆ. ಭಿತ್ತಿಪತ್ರದ ಚಿತ್ರಗಳನ್ನು ನಂಬುವ ಬದಲು ಮನೆಯವರೊಡನೆ ನೇರವಾಗಿ ಮಾತನಾಡಿ ಕೆಲವು ಪ್ರಶ್ನೆಗಳನ್ನು ಕೇಳುವುದು ಲೇಸು. ಮಾಲೀಕರ ಕುಟುಂಬ ಅಲ್ಲಿಯೇ ವಾಸವಾಗಿದೆಯೇ? ಬಾವಿಗೆ ಕಟ್ಟೆಯೂ ಮುಚ್ಚಳವೂ ಇವೆಯೇ? ಕೆರೆ, ತೋಡು, ಈಜುಕೊಳಗಳು ಅಂಗಳದಿಂದ ಎಷ್ಟು ದೂರ, ಅವುಗಳಿಗೆ ಬೇಲಿಯಿದೆಯೇ? ಎಳೆಯ ಮಕ್ಕಳಿಗೂ ಪೂರ್ಣ ಬಾಡಿಗೆಯೇ? ರಾತ್ರಿ ಧ್ವನಿವರ್ಧಕಕ್ಕೆ ಅವಕಾಶವಿದೆಯೇ? ಸಮೀಪದ ಆಸ್ಪತ್ರೆ ಎಷ್ಟು ಮೈಲಿ? ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಡುವ ಮನೆ ಮಕ್ಕಳಿಗೆ ತಕ್ಕ ಮನೆ. ಶನಿವಾರ ಭಾನುವಾರಗಳ ನೂಕುನುಗ್ಗಲನ್ನು ಬಿಟ್ಟು ಸೋಮವಾರದಿಂದ ಗುರುವಾರದವರೆಗಿನ ದಿನಗಳನ್ನು ಆರಿಸಿಕೊಂಡರೆ ಬಾಡಿಗೆಯೂ ಇಳಿಯುತ್ತದೆ, ಸದ್ದೂ ಇಳಿಯುತ್ತದೆ.

ಕಾಲವನ್ನೂ ನೋಡಿಕೊಳ್ಳಬೇಕು. ಮಳೆಗಾಲದ ಮಲೆನಾಡು ಚೆಲುವಾದುದೇ ಸರಿ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಊರೂರುಗಳೇ ನಲುಗಿದುದನ್ನು ನಾವು ಮರೆಯಲಾಗದು. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಘಟ್ಟ ಹತ್ತಲು ಅದು ಸಮಯವಲ್ಲ. ಬೇಸಿಗೆಯಲ್ಲಿ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ಸ್ಥಳೀಯರನ್ನು ವಿಚಾರಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ಉಣುಗುಗಳ ಕಡಿತದಿಂದ ಹರಡುತ್ತದೆ, ಮತ್ತು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಮಂಗಗಳು ಸತ್ತ ಸುದ್ದಿಯಿರುವ ಕಾಡಿನ ಕಡೆ ಮಕ್ಕಳನ್ನು ಕರೆದೊಯ್ಯಬಾರದು.

ಪ್ರವಾಸದ ಭಾನುವಾರ ಬಲಿಪೂಜೆಗೆ ರಜೆಯ ದಿನವಲ್ಲ. ಹೊರಡುವ ಮುನ್ನವೇ ಅಲ್ಲಿನ ಧರ್ಮಕೇಂದ್ರದ ಪೂಜೆಯ ವೇಳೆಯನ್ನು ತಿಳಿದುಕೊಳ್ಳಬೇಕು. ಅಪರಿಚಿತ ಊರಿನ ದೇವಾಲಯದಲ್ಲಿ ಅದೇ ಪ್ರಾರ್ಥನೆಗಳನ್ನು ಕೇಳಿದ ಮಗು ಧರ್ಮಸಭೆ ತನ್ನ ಬೀದಿಗಿಂತ ದೊಡ್ಡದೆಂದು ಅರಿಯುತ್ತದೆ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಅಂಗಳದಲ್ಲಿ ನಿಂತು, ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯವಿತ್ತರೆಂದೂ, 1792ರಲ್ಲಿ ಅಲ್ಲಿ ದೇವಾಲಯ ಹುಟ್ಟಿತೆಂದೂ ಮಕ್ಕಳಿಗೆ ತಿಳಿಸಬಹುದು. ಮನೆಯಿಲ್ಲದವರಿಗೆ ಮನೆಯಾದ ನೆಲದ ಕಥೆ ಅದು.

ಅಗ್ಗದ ಮನೆಯನ್ನು ಹುಡುಕುವಾಗ ಇನ್ನೊಂದು ಮಾತನ್ನು ಮರೆಯಬಾರದು. ವಿಶ್ರಾಂತಿಯ ಕಟ್ಟಳೆಯಲ್ಲಿ ದೇವರು ಆಳುಕಾಳುಗಳನ್ನೂ, ಪರದೇಶಿಯನ್ನೂ, ಎತ್ತು ಕತ್ತೆಗಳನ್ನೂ ಸೇರಿಸಿದ್ದಾರೆ. ನಮ್ಮ ವಿಶ್ರಾಂತಿ ಇತರರ ಹಕ್ಕುಗಳಿಗೂ ಕಣ್ಣು ತೆರೆಸಬೇಕೆಂಬ ಭಾವವನ್ನು ದಿವಂಗತ ಜಗದ್ಗುರು ಫ್ರಾನ್ಸಿಸರೂ 2015ರ ತಮ್ಮ ವಿಶ್ವಪತ್ರದಲ್ಲಿ ಎತ್ತಿ ಹೇಳಿದರು. ನಮಗಾಗಿ ನೀರು ಕಾಯಿಸುವ, ಹಾಸಿಗೆ ಹಾಸುವ ಹೆಂಗಸಿನ ಕೂಲಿಯನ್ನು ಕಡಿದು ದೊರಕುವ ಅಗ್ಗ ನಮಗೆ ಬೇಡ.

ಹಾಗಾದರೆ ಯಾರ ಹೊಟ್ಟೆಯ ಮೇಲೂ ಹೊಡೆಯದೆ ವೆಚ್ಚ ಇಳಿಯುವುದು ಹೇಗೆ? ಉತ್ತರ ನಮ್ಮ ಸಮುದಾಯದ ಕೈಯಲ್ಲಿಯೇ ಇದೆಯೆಂಬುದು ನಮ್ಮ ನಂಬಿಕೆ. ಕರಾವಳಿಯ ಯಾವುದೇ ಧರ್ಮಕೇಂದ್ರದ ದಾರಿಯಲ್ಲಿ ನಡೆದು ನೋಡಿ. ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದ ಮೇಲೆ ಬೀಗ ಬಿದ್ದ ಹಂಚಿನ ಮನೆಗಳೆಷ್ಟು! ಬೀಗವಿಲ್ಲದಿದ್ದರೂ ಆರು ಕೋಣೆಗಳ ಮನೆಯಲ್ಲಿ ಇಬ್ಬರೇ ವೃದ್ಧರು ಸಂಜೆಯ ಜಪಸರ ಹೇಳಿ ದೀಪ ಆರಿಸುವ ಮನೆಗಳೆಷ್ಟು! ಮೇ ತಿಂಗಳಲ್ಲಿ ಹಲಸು ಮರದಲ್ಲಿಯೇ ಕೊಳೆತು ಬೀಳುತ್ತದೆ, ಮಾವು ಹೆಕ್ಕುವವರಿಲ್ಲ. ಇತ್ತ ನಗರದ ಎರಡು ಕೋಣೆಗಳ ಮನೆಯಲ್ಲಿ ಮಕ್ಕಳು ಗೋಡೆಗೆ ಚೆಂಡು ಹೊಡೆದು ಬೈಸಿಕೊಳ್ಳುತ್ತಾರೆ. ಈ ಎರಡು ಮನೆಗಳ ನಡುವೆ ಸೇತುವೆ ಕಟ್ಟುವವರು ಇಲ್ಲದಿರುವುದೇ ನಮ್ಮ ಕೊರತೆ.

ಬೇರೆಡೆ ಈ ಕೆಲಸ ನಡೆದಿದೆ. ಜರ್ಮನಿಯಲ್ಲಿ ಪೂಜ್ಯ ಗುರು ಅಡಾಲ್ಫ್ ಕೋಲ್ಪಿಂಗರ ಹೆಸರಿನ ಕಥೋಲಿಕ ಸಂಘಟನೆ ಮಕ್ಕಳಿರುವ ಕುಟುಂಬಗಳಿಗೆಂದೇ ರಜಾಗೃಹಗಳನ್ನು ನಡೆಸುತ್ತ ಬಂದಿದೆ. ಕುಶಲಕರ್ಮಿಗಳ ಬದುಕಿಗಾಗಿ ದುಡಿದು 1865ರಲ್ಲಿ ತೀರಿಕೊಂಡ ಆ ಗುರುವನ್ನು 1991ರಲ್ಲಿ ಧರ್ಮಸಭೆ ಪುನೀತರ ಸಾಲಿಗೆ ಸೇರಿಸಿತು. ನಮಗೆ ಹೊಸ ಕಟ್ಟಡಗಳು ಬೇಕಿಲ್ಲ. ಇರುವ ಮನೆಗಳ ಬಾಗಿಲು ತೆರೆದರೆ ಸಾಕು. ಪ್ರತಿಯೊಂದು ಧರ್ಮಕೇಂದ್ರದ ಪಾಲನಾ ಪರಿಷತ್ತು ಬೇಸಿಗೆಗೆ ಮುನ್ನ ಇಂಥ ಮನೆಗಳ ಒಂದು ಪಟ್ಟಿ ಮಾಡಲಿ. ಬಯಸುವ ಕುಟುಂಬ ತನ್ನ ಧರ್ಮಕೇಂದ್ರದ ಗುರುಗಳಿಂದ ಪರಿಚಯಪತ್ರ ತರಲಿ. ದೀಪ, ನೀರು, ಊಟ, ಕೆಲಸದವರ ಕೂಲಿಯ ವೆಚ್ಚವನ್ನು ಕುಟುಂಬ ಕೊಡಲಿ. ಅದೂ ಕಷ್ಟವಾದವರಿಗೆ ಉಳ್ಳವರು ನೆರವಾಗಲಿ.

ಆಕ್ಷೇಪಗಳು ಬಾರದಿರವು. ಅಪರಿಚಿತರನ್ನು ಮನೆಯೊಳಗೆ ಬಿಡುವುದು ಹೇಗೆ? ಹಿರಿಯರಿಗೆ ಶ್ರಮವಾಗದೇ? ಮಕ್ಕಳ ಸುರಕ್ಷತೆಗೆ ಹೊಣೆ ಯಾರು? ಇವು ನ್ಯಾಯವಾದ ಪ್ರಶ್ನೆಗಳೇ. ಆದ್ದರಿಂದಲೇ ಎರಡೂ ಕಡೆಯವರನ್ನು ಬಲ್ಲ ಗುರುಗಳೂ ನೆರೆಹೊರೆಯವರೂ ನಡುವೆ ಇರಬೇಕೆನ್ನುತ್ತೇವೆ. ಮಕ್ಕಳು ಸದಾ ತಂದೆತಾಯಂದಿರ ಕಣ್ಣಳತೆಯಲ್ಲೇ ಇರಬೇಕು. ಹಿರಿಯರ ಮೇಲೆ ಅಡುಗೆಯ ಭಾರ ಬೀಳಬಾರದು. ವ್ಯವಹಾರವಾಗಿ ಬಾಡಿಗೆ ಪಡೆದು ಅತಿಥಿಗಳನ್ನು ಇರಿಸಿಕೊಳ್ಳುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಸರಕಾರದ ನಿಯಮ ಪಾಲಿಸಬೇಕು. ಇಷ್ಟಾದ ಮೇಲೂ ಉಳಿಯುವ ಅಳುಕನ್ನು ದಾಟಿಸಬಲ್ಲುದು ವಿಶ್ವಾಸವೊಂದೇ. ಬಂದ ಅತಿಥಿಯನ್ನು ಕ್ರಿಸ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ವಿಧಿಸಿದ್ದರು. ಅದು ಮಠಗಳಿಗೆ ಮಾತ್ರ ಸಲ್ಲುವ ಮಾತಲ್ಲ.

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ, ಮೇ 31ರಂದು, ಧರ್ಮಸಭೆ ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಹಬ್ಬವನ್ನು ಆಚರಿಸುತ್ತದೆ. ಮಲೆನಾಡಿನ ಒಂದು ಮನೆ, ಅಲ್ಲಿ ಇಳಿವಯಸ್ಸಿನ ದಂಪತಿಗಳು, ದೂರದಿಂದ ನಡೆದು ಬಂದ ಎಳೆಯ ಅತಿಥಿ. ಆಕೆ ಅಲ್ಲಿ ಸುಮಾರು ಮೂರು ತಿಂಗಳು ಉಳಿದರೆಂದು ಸಂತ ಲೂಕ ಹೇಳುತ್ತಾನೆ. ಆ ಮನೆಯ ಬಾಗಿಲು ತೆರೆದಿತ್ತು. ಬಂದವರಿಗೂ ಇದ್ದವರಿಗೂ ಅದರಿಂದ ಸಂತೋಷವಾಯಿತು. ಮುಂದಿನ ಬೇಸಿಗೆಯೊಳಗೆ ನಮ್ಮ ಒಂದೊಂದು ಧರ್ಮಕೇಂದ್ರದಲ್ಲಿ ಒಂದೊಂದೇ ಬೀಗ ತೆರೆಯಲಿ ಎಂದು ವಿನಂತಿಸುತ್ತೇವೆ. ಬೀಗದ ಕೈ ಯಾರಲ್ಲಿದೆಯೋ ಅವರು ಈ ವಾರವೇ ತಮ್ಮ ಗುರುಗಳೊಡನೆ ಒಂದು ಮಾತು ಆಡಲಿ.