ವಿದ್ಯಾರ್ಥಿ ಲೋಕ: ಗೆದ್ದವರು, ಗೆಲ್ಲಬೇಕಾದವರು

ಧಾರವಾಡವನ್ನು ವಿದ್ಯಾಕಾಶಿಯೆಂದು ಕರೆಯುವದು ನಮಗೆ ರೂಢಿಯಾಗಿದೆ. ಈ ಹೆಸರು ಸುಮ್ಮನೆ ಬಂದುದಲ್ಲ. ಇಲ್ಲಿಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ 19ನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಜನಿಸಿತು. 1917ರಲ್ಲಿ ಕರ್ನಾಟಕ ಕಾಲೇಜು ಬಾಗಿಲು ತೆರೆಯಿತು. ಹಿರಿಯರು ಗಳಿಸಿಕೊಟ್ಟ ಈ ಕೀರ್ತಿಯನ್ನು ಇಂದಿನ ಮಕ್ಕಳು ಉಳಿಸಿಕೊಳ್ಳುವಂತೆ ನಾವು ಏನು ಮಾಡುತ್ತಿದ್ದೇವೆ? ಅವಳಿ ನಗರದ ಹಾಗೂ ಸುತ್ತಲಿನ ತಾಲೂಕುಗಳ ಸರಕಾರಿ ಶಾಲೆಗಳ ಒಂದು ವರ್ಷದ ನಡೆಯನ್ನು ಈ ವಾರ ವಾಚಕರ ಮುಂದಿಡುತ್ತೇವೆ.

ಹತ್ತನೆಯ ಇಯತ್ತೆ

ಮೊದಲು ಕಹಿಯನ್ನೇ ಹೇಳಿಬಿಡುವದು ಲೇಸು. 2024 ಮತ್ತು 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಮೊದಲ ಹತ್ತು ಜಿಲ್ಲೆಗಳ ಸಾಲಿನಲ್ಲಿ ವಿದ್ಯಾಕಾಶಿಯ ಹೆಸರು ಕಾಣಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಜಿಲ್ಲಾಡಳಿತವು 2024ರಲ್ಲಿ 'ಮಿಷನ್ ವಿದ್ಯಾಕಾಶಿ' ಎಂಬ ಯೋಜನೆಯನ್ನು ಕೈಕೊಂಡಿತು.

ಸರಕಾರಿ ಶಾಲೆಯಿಂದ ಹೆಚ್ಚಿನದೇನನ್ನು ನಿರೀಕ್ಷಿಸಲಾದೀತು ಎನ್ನುವವರು ಬಾಗಲಕೋಟೆ ಜಿಲ್ಲೆಯತ್ತ ಒಮ್ಮೆ ನೋಡಬೇಕು. 2024ರಲ್ಲಿ 625ಕ್ಕೆ 625 ಅಂಕ ಪಡೆದು ಇಡಿಯ ರಾಜ್ಯಕ್ಕೆ ಮೊದಲಿಗಳಾದವಳು ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಬಾಲಿಕೆ, ರೈತನ ಮಗಳು. ಆಕೆ ಕಲಿತದ್ದು ಸರಕಾರದ ಶಾಲೆಯಲ್ಲಿಯೇ.

ಇನ್ನೊಂದು ಸಂಗತಿಯನ್ನು ಪಾಲಕರು ಮನದಲ್ಲಿಡಬೇಕು. 2024ರಲ್ಲಿ ಈ ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ನಡೆಸುವ ಪದ್ಧತಿ ಬಂದಿತ್ತು; ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಈಗಲೂ ಇದೆ. ಮೊದಲ ಸಲ ಎಡವಿದವರು ವರ್ಷವಿಡೀ ಮನೆಯಲ್ಲಿ ಕುಳಿತು ಕೊರಗಬೇಕಿಲ್ಲ. ಆದರೆ ಫಲಿತಾಂಶದ ಮರುದಿನವೇ ಮಗನನ್ನು ಗ್ಯಾರೇಜಿಗೆ ಕಳಿಸಿದರೆ, ಮಗಳಿಗೆ ವರನನ್ನು ಹುಡುಕತೊಡಗಿದರೆ ಮತ್ತೆ ಬರೆಯುವ ಅವಕಾಶವಿದ್ದು ಬಂದ ಫಲವೇನು?

ಪ್ರತಿಭಾ ಕಾರಂಜಿ

ಜೂನ್ ತಿಂಗಳಲ್ಲಿ ಪಾಠಗಳು ಹಳಿಗೆ ಬಿದ್ದ ಬಳಿಕ ಮಕ್ಕಳು ಕಾತರದಿಂದ ಕಾಯುವ ಹಬ್ಬವೆಂದರೆ ಪ್ರತಿಭಾ ಕಾರಂಜಿ. ಕಂಠಪಾಠ, ಭಾವಗೀತೆ, ಛದ್ಮವೇಷ, ಆಶುಭಾಷಣ, ರಂಗೋಲಿ, ಜಾನಪದ ನೃತ್ಯ, ಕವ್ವಾಲಿ, ಹೀಗೆ ಸ್ಪರ್ಧೆಗಳ ಸಾಲೇ ಇರುವದು. ಕ್ಲಸ್ಟರಿನಲ್ಲಿ ಗೆದ್ದವರು ತಾಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಕೊನೆಗೆ ರಾಜ್ಯಮಟ್ಟಕ್ಕೆ ಏರುವರು. ಕುಂದಗೋಳ, ಕಲಘಟಗಿ, ನವಲಗುಂದದ ಹಳ್ಳಿಯ ಮಕ್ಕಳು ನಗರದ ವೇದಿಕೆಯನ್ನು ಮೊದಲ ಬಾರಿಗೆ ಏರುವದು ಎಷ್ಟೋ ಸಲ ಈ ಕಾರಂಜಿಯಿಂದಲೇ.

ಹಾಡುವ ಮಗುವಿನ ಮಾತು ಬಂದಾಗ ಈ ನೆಲದವರಿಗೆ ಗಂಗೂಬಾಯಿ ಹಾನಗಲ್ಲರ ನೆನಪಾಗದಿರದು. ಧಾರವಾಡದಲ್ಲಿ ಹುಟ್ಟಿದ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದಾಗ ಹನ್ನೊಂದು ವರ್ಷದ ಬಾಲಿಕೆ. 2002ರಲ್ಲಿ ಪದ್ಮವಿಭೂಷಣರಾದ ಅವರ ಶಾಲೆಯ ಓದು ಐದನೆಯ ಇಯತ್ತೆಗೇ ನಿಂತಿತ್ತು. ಅವರಿಗೆ ಸಂಗೀತ ಒಲಿಯಿತು. ಓದು ನಿಂತ ಎಲ್ಲರಿಗೂ ಅಂಥ ಆಸರೆ ಒದಗುವದಿಲ್ಲ. ಆದುದರಿಂದ ಚಪ್ಪಾಳೆಯ ಜೊತೆಗೆ, ಈ ಮಗು ಮುಂದಿನ ವರ್ಷವೂ ಶಾಲೆಯಲ್ಲಿ ಇರುವದೇ ಎಂದು ಕೇಳುವದೂ ನಮ್ಮ ಕರ್ತವ್ಯ.

ಎಂಟನೆಯ ಇಯತ್ತೆಯವರಿಗೆ

ಮಗುವನ್ನು ಶಾಲೆಯಲ್ಲಿ ಉಳಿಸಲು ಇರುವ ಒಂದು ಒಳ್ಳೆಯ ಉಪಾಯ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಅದು ಕೇಂದ್ರ ಸರಕಾರದ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನ. 2008ರಲ್ಲಿ ಆರಂಭವಾದ ಈ ಯೋಜನೆ ಸರಕಾರಿ, ಅನುದಾನಿತ ಹಾಗೂ ಸ್ಥಳೀಯ ಸಂಸ್ಥೆಗಳ ಶಾಲೆಯವರಿಗೆ ಮಾತ್ರ. ಪಾಲಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿಯನ್ನು ಮೀರಿರಬಾರದು. ಎಂಟನೆಯ ಇಯತ್ತೆಯಲ್ಲಿ ಪರೀಕ್ಷೆ. ಬುದ್ಧಿಶಕ್ತಿಗೆ 90 ಪ್ರಶ್ನೆ, ಪಾಠದ ವಿಷಯಗಳಿಗೆ 90 ಪ್ರಶ್ನೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ನಾಲ್ಕು ವರ್ಷಕ್ಕೆ 48,000. ಬಸ್ಸಿನ ಪಾಸು, ಪಟ್ಟಿ-ಪುಸ್ತಕ, ಸಮವಸ್ತ್ರದ ಚಿಂತೆಯಿಂದ ಓದು ಬಿಡುವ ಹುಡುಗಿಗೆ ಇದು ಸಣ್ಣ ಮೊತ್ತವಲ್ಲ.

ಅಡಚಣೆ ಬುದ್ಧಿಯದಲ್ಲ, ಕಾಗದಪತ್ರಗಳದು. ಆದಾಯದ ಪ್ರಮಾಣಪತ್ರ ಸಿದ್ಧವಿರಬೇಕು. ಮಗುವಿನ ಹೆಸರಿನಲ್ಲಿ ಬ್ಯಾಂಕಿನ ಖಾತೆ ಬೇಕು. ಆಯ್ಕೆಯಾದ ಮೇಲೂ ವರ್ಷವರ್ಷ ಅರ್ಜಿಯನ್ನು ನವೀಕರಿಸಬೇಕು. ದಿನಗೂಲಿಯ ತಾಯಿತಂದೆಗಳು ಕೆಲಸ ಬಿಟ್ಟು ಕಚೇರಿ ಸುತ್ತಲಾರರು. ಗೆದ್ದ ಮಗುವೂ ಇಲ್ಲಿ ಸೋಲಬಹುದು.

ವಾಚಕರಲ್ಲಿ ಬಿನ್ನಹ

ನಮ್ಮ ವಾಚಕರಲ್ಲಿ ಬಹುಜನರ ಮಕ್ಕಳು ಖಾಸಗಿ ಶಾಲೆಯಲ್ಲಿ ಓದುವರು. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಮುಂಜಾನೆ ನಿಮ್ಮ ಮನೆಗೆ ಪಾತ್ರೆ ತಿಕ್ಕಲು ಬರುವ ಹೆಣ್ಣುಮಗಳ ಮಕ್ಕಳು, ಹಾಲು ತರುವವನ ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಅವರಲ್ಲೊಬ್ಬರು ಎಂಟನೆಯ ಇಯತ್ತೆಯಲ್ಲಿದ್ದರೆ ಈ ಪರೀಕ್ಷೆಯ ವಿಷಯ ತಿಳಿಸಿರಿ. ಅರ್ಜಿಯ ಕೊನೆಯ ದಿನಾಂಕವನ್ನು ಮುಖ್ಯಾಧ್ಯಾಪಕರಿಂದಲೇ ಕೇಳಿ ತಿಳಿಯುವದು ಒಳಿತು. ನಿಮ್ಮ ಮಗ ಕಾಲೇಜಿನಲ್ಲಿದ್ದರೆ ಆ ಹುಡುಗನಿಗೆ ರವಿವಾರ ಎರಡು ತಾಸು ಗಣಿತ ಹೇಳಿಕೊಡಲಿ. ಬಿಡುವಿದ್ದ ದಿನ ನಿಮ್ಮ ಮಕ್ಕಳ ಜೊತೆ ಅವರನ್ನೂ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ. ನಿಮ್ಮ ಓಣಿಯ ಸಮೀಪದ ಶಾಲೆಯಲ್ಲಿ ಕಾರಂಜಿಯ ಸ್ಪರ್ಧೆ ನಡೆದಾಗ ಒಂದು ತಾಸು ಹೋಗಿ ಕುಳಿತುಕೊಳ್ಳಿರಿ. ತಮ್ಮ ಪಾಲಕರು ಕೂಲಿಯ ಮೇಲಿರುವಾಗ ಹಾಡುವ ಮಕ್ಕಳಿಗೆ ಕೇಳುವವರಾದರೂ ಇರಲಿ.