ಮಚ್ಚಿಗಿಂತ ಮೊದಲು ಟೀ

ಯಾವ ಗ್ಯಾಂಗೂ ಮೊದಲ ದಿನವೇ ಹುಡುಗನ ಕೈಗೆ ಮಚ್ಚು ಕೊಡಲ್ಲ. ಮೊದಲು ಟೀ, ಬನ್ನು. ಆಮೇಲೆ ಒಂದು ಅಡ್ಡಹೆಸರು. ಆಮೇಲೆ 'ಯಾರಾದ್ರೂ ಮುಟ್ಟಿದ್ರೆ ನಾವಿದ್ದೀವಿ' ಅನ್ನೋ ಮಾತು. ಅನ್ನ, ಹೆಸರು, ಧೈರ್ಯ: ಸಮಾಜ ನಮಗೆ ಕೊಡದ ಮೂರನ್ನೂ ಸಾಲ ಕೊಟ್ಟು, ಬಡ್ಡಿಗೆ ಜೀವ ಕೇಳ್ತಾರೆ.

ಅಮೆರಿಕದ ಷಿಕಾಗೋದಲ್ಲಿ ಪೋರ್ಟೊರಿಕೊ ಹುಡುಗರ 'ಯಂಗ್ ಲಾರ್ಡ್ಸ್' ಬೀದಿ ಗ್ಯಾಂಗಾಗಿತ್ತು. 1968ರಲ್ಲಿ ಅದೇ ಹುಡುಗರು ಮನೆ ಕಳಕೊಳ್ಳುತ್ತಿದ್ದ ಬಡವರ ಪರ ಸಂಘಟನೆಯಾದರು. 1969ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಫ್ರೆಡ್ ಹ್ಯಾಂಪ್ಟನ್ ಇವರನ್ನೂ ಬಡ ಬಿಳಿಯರನ್ನೂ ಒಂದುಗೂಡಿಸಿದ. ಅದೇ ವರ್ಷ ಗ್ಯಾಂಗೊಂದನ್ನು ಪ್ಯಾಂಥರರ ಮೇಲೆ ಎತ್ತಿಕಟ್ಟಲು ಎಫ್.ಬಿ.ಐ. ಸುಳ್ಳು ಪತ್ರ ಬರೆಯಿತು. ಡಿಸೆಂಬರ್ 4ರಂದು ಪೊಲೀಸರು 21ರ ಹ್ಯಾಂಪ್ಟನ್‌ನನ್ನು ಹಾಸಿಗೆಯಲ್ಲೇ ಕೊಂದರು.

ಒಡೆದ ಹುಡುಗರಿಗಲ್ಲ, ಕೂಡಿದ ಹುಡುಗರಿಗೆ ಅಧಿಕಾರ ಹೆದರೋದು. ಹಾಸ್ಟೆಲಿನ ಒಂಟಿ ಹುಡುಗನ ಪಕ್ಕ ಅವರಿಗಿಂತ ಮುಂಚೆ ನಾವು ಹೋಗಿ ಕೂರೋಣ.