ಕಪ್ ಶಾಲೆಗೆ, ಪಾಠದ ಸಾಲ ಮಗುವಿಗೆ



ಕಳೆದ ಅಕ್ಟೋಬರಿನ ಒಂದು ಸಂಜೆ ಇಂದಿರಾನಗರದ ನಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿ ತಮ್ಮ ಮಗನನ್ನು ಕರೆದುಕೊಂಡು ಬಂದರು. ಹಲಸೂರಿನ ಕಡೆಯವರು. ಹುಡುಗ ಹತ್ತನೇ ತರಗತಿ, ಶಾಲೆಯ ಫುಟ್‌ಬಾಲ್ ತಂಡದ ಗೋಲ್‌ಕೀಪರ್. “ಸಾರ್, ಆಟಕ್ಕೆ ಹೋದ್ರೆ ಕಪ್ ತರ್ತಾನೆ, ಪರೀಕ್ಷೆಗೆ ಹೋದ್ರೆ ಹನ್ನೊಂದು ತರ್ತಾನೆ. ನೀವು ಇಂಜಿನಿಯರ್ ಅಲ್ವಾ, ಸ್ವಲ್ಪ ಲೆಕ್ಕ ಹೇಳಿಕೊಡಿ” ಎಂದರು. ಅರ್ಧವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅವನಿಗೆ ಬಂದಿದ್ದು 80ಕ್ಕೆ 11.

ಹುಡುಗನ ಡೈರಿ ತರಿಸಿ ಕೂತು ಎಣಿಸಿದೆ. ಮೂವತ್ತೈದು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಅಳತೆ ಪುಸ್ತಕ ಬರೆದವನಿಗೆ ಎಣಿಸದೆ ಮಾತಾಡುವುದು ಅಭ್ಯಾಸವಿಲ್ಲ. ಶಾಲೆ ಆರಂಭವಾದಾಗಿನಿಂದ ಅವನು ತರಗತಿಯಲ್ಲಿ ಇಲ್ಲದ ದಿನಗಳು 31. ಒಂದು ದಿನವೂ ಊರು ಸುತ್ತಿದ್ದಲ್ಲ. ಅಭ್ಯಾಸ, ಪಂದ್ಯ, ಪ್ರಯಾಣ, ಮತ್ತೆ ಅಭ್ಯಾಸ. ವರ್ಷಕ್ಕೆ 220 ಶಾಲಾ ದಿನ ಎಂದು ಹಿಡಿದರೆ ಇದು ಶೇಕಡಾ 14. ಎಸ್ಸೆಸ್ಸೆಲ್ಸಿಗೆ ಬೇಕಾದ ಹಾಜರಾತಿ ಶೇಕಡಾ 75. ಅಂದರೆ ನಿಯಮದ ಪ್ರಕಾರ ಯಾವ ತೊಂದರೆಯೂ ಇಲ್ಲ. ಸಾಲದ್ದಕ್ಕೆ, ಆ ಎಲ್ಲ ದಿನಗಳಲ್ಲೂ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಓ.ಡಿ. ಎಂದು ಬರೆದಿದ್ದಾರಂತೆ. ಕಾಗದದ ಮೇಲೆ ಅವನು ಶಾಲೆ ತಪ್ಪಿಸಿಯೇ ಇಲ್ಲ.

ನಾವು ಯೋಚಿಸಬೇಕಾದದ್ದು ಇಲ್ಲಿಯೇ. ಅಳತೆ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಕೆಲಸ ಆದಂತಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಮೊದಲ ಏಳು ದಿನವಾದರೂ ಅದಕ್ಕೆ ನೀರುಣಿಸಬೇಕು. ನಾವು ಕ್ಯೂರಿಂಗ್ ಎನ್ನುತ್ತೇವೆ. ಆ ಏಳು ದಿನ ಬಿಟ್ಟು ಮುಂದಿನ ತಿಂಗಳು ಟ್ಯಾಂಕರ್ ತರಿಸಿ ಸುರಿದರೂ ಕಳೆದುಹೋದ ಬಲ ಪೂರ್ತಿ ಬರುವುದಿಲ್ಲ. ಪಾಠವೂ ಹಾಗೆಯೇ. ಈ ಹುಡುಗ ತಪ್ಪಿಸಿಕೊಂಡದ್ದರಲ್ಲಿ ತ್ರಿಭುಜಗಳ ಅಧ್ಯಾಯ ಪೂರ್ತಿ ಇತ್ತು. ಸಮರೂಪ ತ್ರಿಭುಜ ತಿಳಿಯದವನಿಗೆ ತ್ರಿಕೋನಮಿತಿ ತಿಳಿಯುವುದಿಲ್ಲ; ಅದು ತಿಳಿಯದಿದ್ದರೆ ಎತ್ತರ ಮತ್ತು ದೂರದ ಲೆಕ್ಕ ಬರುವುದಿಲ್ಲ. ಹೋದದ್ದು ಒಂದು ಅಧ್ಯಾಯ, ಕುಸಿದದ್ದು ಮೂರು.

ಕೆಲವು ಹಿರಿಯರು ಇದಕ್ಕೆ ಸುಲಭದ ಮದ್ದು ಹೇಳುತ್ತಾರೆ: ಹತ್ತನೇ ತರಗತಿಯವರನ್ನು ಆಟಕ್ಕೆ ಕಳಿಸಲೇಬೇಡಿ. ನಾನು ಒಪ್ಪುವುದಿಲ್ಲ. ದಂಡು ಪ್ರದೇಶವನ್ನು ಬಲ್ಲವರು ಯಾರೂ ಒಪ್ಪಲಾರರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬ್ರೆಜಿಲ್‌ನ ಪೆಲೆಯ ಪ್ರತಿಮೆ ನಿಂತಿದೆ. ಬಡವರ ಆ ಬೀದಿಗಳಲ್ಲಿ ಚೆಂಡು ಮನೆಮಗನ ಹಾಗೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2–1ರಿಂದ ಸೋತಾಗ ನಮ್ಮ ಪರ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1948 ಮತ್ತು 1952, ಎರಡೂ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಸ್ವಂತ ಕೋಣೆಯಿಲ್ಲದ, ಟ್ಯೂಷನ್ ಇಲ್ಲದ ಮಗುವಿಗೆ “ನೀನು ಬೇಕು” ಎಂದು ಹೇಳುವ ಜಾಗ ಕೆಲವೊಮ್ಮೆ ಆಟದ ಮೈದಾನ ಒಂದೇ. ಅದನ್ನು ಕಿತ್ತುಕೊಂಡರೆ ಆ ಮಗು ಪುಸ್ತಕಕ್ಕೆ ಬರುತ್ತದೆಂದು ಯಾರು ಹೇಳಿದರು? ಶಾಲೆಯನ್ನೇ ಬಿಟ್ಟೀತು.

ಹಾಗಾದರೆ ತಪ್ಪು ಎಲ್ಲಿದೆ? ಏರ್ಪಾಡಿನಲ್ಲಿದೆ. ಇಲಾಖೆಯ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಮಳೆಗಾಲದಿಂದ ಚಳಿಗಾಲದವರೆಗೆ ನಡೆಯುತ್ತವೆ. ಅದರ ಮೇಲೆ ಸುಬ್ರೊತೊ ಕಪ್ ಇದೆ. 1960ರಿಂದ ಶಾಲಾ ಫುಟ್‌ಬಾಲಿನ ದೊಡ್ಡ ಕನಸು ಅದು. ಇವುಗಳ ನಡುವೆ ಕ್ಲಬ್ಬಿನವರ, ಖಾಸಗಿ ಶಾಲೆಗಳವರ ಆಹ್ವಾನದ ಟೂರ್ನಮೆಂಟುಗಳು. ಸೋತ ಹುಡುಗ ಮರುದಿನ ಬೆಂಚಿಗೆ ಮರಳುತ್ತಾನೆ. ಗೆದ್ದವನು ಮುಂದಿನ ಸುತ್ತಿಗೆ ಹೋಗುತ್ತಾನೆ, ಇನ್ನೂ ನಾಲ್ಕು ದಿನ ಕಳೆದುಕೊಳ್ಳುತ್ತಾನೆ. ಯಾರು ಹೆಚ್ಚು ಚೆನ್ನಾಗಿ ಆಡುತ್ತಾರೋ ಅವರಿಗೇ ಹೆಚ್ಚು ನಷ್ಟ. ಗೆದ್ದವರಿಗೆ ದಂಡ ಹಾಕುವ ಈ ಏರ್ಪಾಡನ್ನು ನಾವು ಪ್ರೋತ್ಸಾಹ ಎಂದು ಕರೆಯುತ್ತಿದ್ದೇವೆ.

ಆಡಿದರೆ ಕೆಲಸ ಸಿಗುತ್ತದೆ ಎಂಬ ಮಾತೂ ಇದೆ. ಒಂದು ಕಾಲಕ್ಕೆ ಅದು ನಿಜವಾಗಿತ್ತು. 1940ರಲ್ಲಿ ಶುರುವಾದ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಪಕ್ಕದ ದೂರವಾಣಿನಗರಕ್ಕೆ ಬಂದ ಐಟಿಐ ಕಾರ್ಖಾನೆಗಳಿಗೆ ತಮ್ಮದೇ ಫುಟ್‌ಬಾಲ್ ತಂಡಗಳಿದ್ದವು. ಒಳ್ಳೆಯ ಆಟಗಾರನನ್ನು ಕರೆದು ಕೆಲಸ ಕೊಡುತ್ತಿದ್ದರು. ಈಗ ಆ ಬಾಗಿಲು ಕಿರಿದಾಗಿದೆ. ಇಂದು ನಮ್ಮ ರಾಜ್ಯದ ಸಶಸ್ತ್ರ ಮೀಸಲು ಪೊಲೀಸ್ ಕಾನ್‌ಸ್ಟೇಬಲ್ ಆಗಲು ಎಸ್ಸೆಸ್ಸೆಲ್ಸಿ ಬೇಕು, ಸಿವಿಲ್ ಕಾನ್‌ಸ್ಟೇಬಲ್ ಆಗಲು ಪಿಯುಸಿ ಬೇಕು. ಆಟದ ಪ್ರಮಾಣಪತ್ರ ಕೈಯಲ್ಲಿದ್ದರೂ ಅಂಕಪಟ್ಟಿ ಇಲ್ಲದಿದ್ದರೆ ಗೇಟಿನ ಹೊರಗೇ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶೇಕಡಾ 66.14. ದಿನವೂ ತರಗತಿಯಲ್ಲಿ ಕೂತವರನ್ನೂ ಸೇರಿಸಿ ಮೂವರಲ್ಲಿ ಒಬ್ಬರು ಎಡವಿದ ಪರೀಕ್ಷೆಗೆ, ಮೂವತ್ತೊಂದು ದಿನ ಕಳೆದುಕೊಂಡ ಮಗುವನ್ನು ಬರಿಗೈಯಲ್ಲಿ ಕಳಿಸುವುದು ನ್ಯಾಯವೇ? ಉಳ್ಳವರ ಮಕ್ಕಳು ಇದೇ ಇಂದಿರಾನಗರದಲ್ಲಿ ಸಂಜೆ ಕೋಚಿಂಗ್‌ಗೆ ಹೋಗಿ ನಷ್ಟ ತುಂಬಿಕೊಳ್ಳುತ್ತಾರೆ. ಇಲ್ಲದವರ ಮಕ್ಕಳಿಗೆ ಶಾಲೆಯ ಪಾಠವೇ ಮೊದಲನೆಯದು, ಅದೇ ಕೊನೆಯದು.

ಆಟ ಮತ್ತು ಓದು ಒಂದೇ ದಿನಚರಿಯಲ್ಲಿ ಹೊಂದುತ್ತವೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳಲ್ಲಿ ಮಕ್ಕಳಿಗೆ ತರಬೇತಿಯ ಜೊತೆಗೇ ಶಾಲಾ ಶಿಕ್ಷಣವನ್ನೂ ಕೊಡುತ್ತಾರೆ. ಹಲಸೂರಿನ ಎಂಇಜಿ ಕೇಂದ್ರದಲ್ಲಿಯೂ ಇಂಥ ಕಂಪನಿ ಇದೆ. ಸಿಬಿಎಸ್‌ಇ ಮಂಡಳಿ ರಾಷ್ಟ್ರ ಮತ್ತು ಅಂತರರಾಷ್ಟ್ರೀಯ ಮಟ್ಟದ ಪಂದ್ಯಗಳಿಗೆ ಹೋಗುವ ಮಕ್ಕಳಿಗೆ ಪರೀಕ್ಷೆಯನ್ನು ಬೇರೆ ದಿನ ಬರೆಯುವ ಅವಕಾಶ ಮಾಡಿದೆ. ಆದರೆ ಪರೀಕ್ಷೆ ಮುಂದೆ ಹಾಕಿದರೆ ಸಾಲದು, ಪಾಠ ಮರಳಬೇಕು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ತಾಯಿ ನೆನಪಾಗುತ್ತಾರೆ. ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಪಾಲಿನದಲ್ಲ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದ ತಾಯಿ ಆಕೆ. ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಕಪಾಟಿನಲ್ಲಿ ಹೊಳೆಯುವ ಕಪ್ಪಿನಲ್ಲಿ ಮಗುವಿನ ಶ್ರಮವಿದೆ, ಸಂತೋಷ. ಆದರೆ ಮಗುವಿನ ಮೂವತ್ತೊಂದು ದಿನದ ಪಾಠವೂ ಇದೆ. ಅದು ಶಾಲೆಯ ಪಾಲಿನದಲ್ಲ, ಹಿಂದಿರುಗಿಸಬೇಕಾದದ್ದು. ವಾರ್ಷಿಕ ವರದಿಯಲ್ಲಿ ಕಪ್ಪಿನ ಫೋಟೊ ಹಾಕಿಸುವ ಆಡಳಿತ ಮಂಡಳಿಗಳಲ್ಲಿ ನಾವೂ ಇದ್ದೇವೆ. ನಾನೂ ಅಂಥ ಸಭೆಗಳಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇನೆ. ಆ ಮಗು ಯಾವ ಪಾಠ ತಪ್ಪಿಸಿಕೊಂಡಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಠಗಳ ಆಶ್ರಯದಲ್ಲಿ ನಡೆಯುವ ನೂರಾರು ಪ್ರೌಢಶಾಲೆಗಳಿವೆ. ಸರ್ಕಾರದ ಸುತ್ತೋಲೆಗೆ ಕಾಯದೆ ನಾವು ಮಾಡಬಹುದಾದದ್ದು ಇಷ್ಟು:

ಜೂನ್ ತಿಂಗಳಲ್ಲಿಯೇ ವರ್ಷದ ಪಂದ್ಯಗಳ ಪಟ್ಟಿ ಮಾಡಿ, ಹತ್ತನೇ ತರಗತಿಯ ಮಗುವಿಗೆ ಇಲಾಖೆಯ ಕ್ರೀಡಾಕೂಟಗಳ ಜೊತೆಗೆ ಇನ್ನೊಂದೇ ಟೂರ್ನಮೆಂಟ್ ಎಂದು ಮಿತಿ ಹಾಕಬೇಕು. ಉಳಿದ ಆಹ್ವಾನಗಳಿಗೆ “ದಸರಾ ರಜೆಯಲ್ಲಿ ಇಟ್ಟರೆ ಬರುತ್ತೇವೆ” ಎಂದು ಉತ್ತರ ಬರೆಯಬೇಕು. ನಾಲ್ಕು ಶಾಲೆಗಳು ಹೀಗೆ ಬರೆದರೆ ಸಂಘಟಕರು ದಿನಾಂಕ ಬದಲಿಸುತ್ತಾರೆ.

ಮಗು ಪಂದ್ಯಕ್ಕೆ ಹೊರಡುವ ಮುನ್ನ, ಆ ದಿನಗಳಲ್ಲಿ ನಡೆಯುವ ಪಾಠಗಳನ್ನು ವಿಷಯ ಶಿಕ್ಷಕರು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಬೇಕು. ಮರಳಿದ ಎರಡು ವಾರದೊಳಗೆ ಅಷ್ಟೂ ಪಾಠ ಹೇಳಿಕೊಟ್ಟು ಅದೇ ಹಾಳೆಯಲ್ಲಿ ಮತ್ತೊಂದು ಸಹಿ. ಎರಡನೆಯ ಸಹಿ ಬೀಳುವವರೆಗೆ ಆ ಮಗುವನ್ನು ಮುಂದಿನ ಟೂರ್ನಮೆಂಟಿಗೆ ಕರೆಯುವ ಹಕ್ಕು ಶಾಲೆಗಿಲ್ಲ. ತಪ್ಪಿದ ಕಿರುಪರೀಕ್ಷೆಯನ್ನು ಮತ್ತೆ ಕೊಡಬೇಕು; ಸೊನ್ನೆ ಹಾಕಿ ಮುಂದೆ ಹೋಗಬಾರದು.

ಮೂರನೆಯದು ನಮ್ಮಂಥ ನಿವೃತ್ತರಿಗೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ನಮ್ಮ ಸಮಾಜದ ನಿವೃತ್ತ ಶಿಕ್ಷಕರು, ಇಂಜಿನಿಯರುಗಳು, ಬ್ಯಾಂಕಿನವರು ಎಷ್ಟೋ ಜನ ಇದ್ದೇವೆ. ತ್ರಿವಿಧ ದಾಸೋಹದ ಬಗ್ಗೆ ಭಾಷಣ ಕೇಳುತ್ತೇವೆ, ಮಾಡುತ್ತೇವೆ. ವಾರಕ್ಕೆ ಎರಡು ಸಂಜೆ, ಹತ್ತಿರದ ಶಾಲೆಯ ಎರಡು ಮೂರು ಕ್ರೀಡಾಪಟು ಮಕ್ಕಳು: ಇದು ನಮ್ಮ ಕೈಲಾಗುವ ದಾಸೋಹ. ಜಾತಿ, ಮತ, ಮನೆಮಾತು ಕೇಳುವ ಅಗತ್ಯವಿಲ್ಲ.

ಆ ಹುಡುಗನ ಕಥೆ ಮುಗಿಸುತ್ತೇನೆ. ಪುಸ್ತಕ ತೆರೆದರೆ ಅವನ ಮುಖ ಬಾಡುತ್ತಿತ್ತು. ಒಂದು ಭಾನುವಾರ ಅವನನ್ನು ಅವನು ಆಡುವ ಮೈದಾನಕ್ಕೇ ಕರೆದುಕೊಂಡು ಹೋದೆ. ಬಿಸಿಲಿನಲ್ಲಿ ಅವನ ನೆರಳು ಅಳೆದೆವು, ಗೋಲು ಕಂಬದ ನೆರಳನ್ನೂ ಅಳೆದೆವು. ಅವನ ಎತ್ತರ ಐದು ಅಡಿ. ಎರಡು ತ್ರಿಭುಜ ಮಣ್ಣಿನಲ್ಲಿ ಬರೆದು, ಅನುಪಾತ ಹಾಕಿ ಕಂಬದ ಎತ್ತರ ಕಂಡುಹಿಡಿ ಎಂದೆ. ಎಂಟು ಅಡಿ ಎಂದು ಉತ್ತರ ಬಂತು. ದಿನವೂ ಹಾರಿ ಮುಟ್ಟುವ ಕಂಬ ಅದು, ಎತ್ತರ ಅವನಿಗೆ ಗೊತ್ತು. “ಇಷ್ಟೇನಾ ತಾತ ಇದು?” ಎಂದ.

ಇಷ್ಟೇ. ಆದರೆ ಈ ಇಷ್ಟನ್ನು ಅವನಿಗೆ ಹೇಳಿಕೊಡಬೇಕಾದ ವಾರದಲ್ಲಿ ಅವನು ನಮಗಾಗಿ ಕಪ್ ಗೆಲ್ಲುತ್ತಿದ್ದ. ಅವನು ಮಾರ್ಚಿ‌ನಲ್ಲಿ ಪರೀಕ್ಷೆ ಬರೆಯುತ್ತಾನೆ. ಅವನಂಥ ಮಕ್ಕಳು ನಿಮ್ಮ ಶಾಲೆಯಲ್ಲಿಯೂ ಇದ್ದಾರೆ. ಈ ಸಂಚಿಕೆ ಕೆಳಗಿಡುವ ಮೊದಲು, ನಿಮ್ಮ ಹತ್ತಿರದ ಶಾಲೆಗೆ ಹೋಗಿ ಅವರ ಹಾಜರಿ ಪುಸ್ತಕದಲ್ಲಿ ಓ.ಡಿ. ಎಷ್ಟಿವೆ ಎಂದು ಎಣಿಸಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ಎಣಿಸಿದ ಮೇಲೆ ಸುಮ್ಮನಿರಲು ನಿಮಗೆ ಮನಸ್ಸಾಗದು.